ಸಹಾಯ ಬೇಕು: ತಂತಿ ಜೋಲುವುದನ್ನು ಲೆಕ್ಕಕ್ಕೆ ಹಿಡಿಯೋದು ಹೇಗೆ?

ಕರೆಂಟ್ ತಂತಿಗಳ ಹತ್ತಿರ ಮರ ಎಷ್ಟು ಬೆಳೆದಿದೆ ಅಂತ ತಾನಾಗಿಯೇ ಎಚ್ಚರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿದೆ. ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದರ ಒಳ್ಳೆಯ ಪಿಕ್ಸೆಲ್ ಕೂಡ ನೆಲದ ಮೇಲೆ 10 ಮೀಟರ್. ಹಸಿರು ಗೊತ್ತಾಗುತ್ತದೆ, ಎತ್ತರ ಗೊತ್ತಾಗುವುದಿಲ್ಲ. ಹಾಗಾಗಿ ಲೇಸರ್ ಬೆಳಕು ಹಾಯಿಸಿ ದೂರ ಅಳೆಯುವ ಡ್ರೋನ್ ಲೈಡಾರ್‌ಗೆ ಬಂದೆ. ಎರಡು ಹಾರಾಟದ ಡೇಟಾ ಹೋಲಿಸಿ ರೆಂಬೆ ಬೆಳೆದದ್ದನ್ನೂ ತಂತಿಗಿರುವ ಅಂತರವನ್ನೂ ಅಳೆದೆ.

ತೊಂದರೆ ಇರೋದು ತಂತಿಯದ್ದು. ಮರ ನಿಂತಲ್ಲೇ ಇರುತ್ತದೆ, ತಂತಿ ಸುಮ್ನೆ ಇರಲ್ಲ ಅಲ್ವಾ! ಹಾರಾಟ ನಡೆದದ್ದು ತಂಪಾದ ಬೆಳಗ್ಗೆ. ಮಧ್ಯಾಹ್ನ ಬಿಸಿಲಿನ ಜೊತೆ ಲೋಡೂ (ತಂತಿಯಲ್ಲಿ ಹರಿಯುವ ಕರೆಂಟ್) ಜಾಸ್ತಿಯಾದರೆ ತಂತಿ ಕಾದು, ಹಿಗ್ಗಿ, ಕೆಳಗೆ ಜೋಲುತ್ತದೆ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಈಶಾನ್ಯ ಭಾಗ ಕತ್ತಲಾದಾಗ, ಜೋತ ತಂತಿ ಮರಕ್ಕೆ ತಾಗಿದ್ದೂ ಒಂದು ಕಾರಣ. ಲೈಡಾರ್ ಬಿಂದುಗಳಿಗೆ ಕ್ಯಾಟಿನರಿ ರೇಖೆ (ಎರಡು ತುದಿಗೆ ಕಟ್ಟಿದ ತಂತಿ ತನ್ನ ಭಾರಕ್ಕೇ ಜೋತಾಗ ಬರುವ ಬಾಗು) ಹೊಂದಿಸಿದ್ದೇನೆ, ಚೆನ್ನಾಗಿಯೇ ಕೂತಿದೆ. ಆದರೆ ಹಾರಾಟದ ಹೊತ್ತಿಗೆ ತಂತಿ ಎಷ್ಟು ಬಿಸಿಯಿತ್ತು ಅನ್ನೋದೇ ಗೊತ್ತಿಲ್ಲ. ಹವಾಮಾನದ ವಿವರ ಮತ್ತು ಲೋಡ್ ಮಾತ್ರ ಇದೆ.

ಇಷ್ಟರಿಂದಲೇ ತಂತಿಯ ಬಿಸಿ ಅಂದಾಜು ಮಾಡಿ, ಅಲ್ಲಿಂದ ಗರಿಷ್ಠ ಜೋಲು ಲೆಕ್ಕ ಹಾಕಬೇಕಾ? ಅಥವಾ ಲೈನಿನ ವಿನ್ಯಾಸದಲ್ಲಿ ಕೊಟ್ಟಿರುವ ಗರಿಷ್ಠ ಜೋಲನ್ನೇ ಇಟ್ಟುಕೊಂಡು ಮರದ ಅಂತರ ಅಳೆದರೆ ಸಾಕಾ?