ಎರಿ ಭೂಮ್ಯಾಗ ಓಎಲ್‌ಟಿ ಕ್ಯಾಬಿನೆಟ್: ಕಟ್ಟಿ ಹೆಂಗ ಹಾಕೋದು, ಫ್ಯಾನ್ ಸಾಕೋ ಎಸಿ ಬೇಕೋ?

ತಾಳಿಕೋಟಿ ಫೈಬರ್:
ನಮಸ್ಕಾರ್ರಿ ಎಲ್ಲಾರಿಗೂ. ತಾಳಿಕೋಟಿ ಕಡೆ ಒಂದು ಹಳ್ಳಿಯೊಳಗ ರಸ್ತೆ ಬಾಜೂಕ ಹೊರಾಂಗಣ ಕ್ಯಾಬಿನೆಟ್ ನಿಲ್ಲಿಸೋದದ. 24ಯು (ಯು ಅಂದ್ರ ಒಳಗಿನ ರ್‍ಯಾಕಿನ ಎತ್ತರದ ಅಳತಿ), ತಳ 750×750 ಮಿ.ಮೀ., ಖಾಲಿ ತೂಕ ಸುಮಾರು 120 ಕೆ.ಜಿ. ಒಳಗ 8 ಪೋರ್ಟಿನ ಓಎಲ್‌ಟಿ (ಮನಿ ಮನಿಗೆ ಫೈಬರ್ ಇಂಟರ್ನೆಟ್ ಹಂಚೋ ಯಂತ್ರ), ಒಂದು ಸ್ವಿಚ್, 48 ವೋಲ್ಟ್ ರೆಕ್ಟಿಫೈಯರ್ (ಲೈನ್ ಕರೆಂಟನ್ನ ಡಿಸಿ ಮಾಡೋದು), ಫೈಬರ್ ಟ್ರೇ. ಒಟ್ಟು ಲೋಡ್ 250 ವ್ಯಾಟ್. ಜಾಗ ಪೂರಾ ಎರಿ ಮಣ್ಣು, ಡೋಣಿ ಸಾಲಿಂದು. ಗೌಂಡಿಯವರು ಗುಂಡ್ಯಾಗ ಉಸುಕು ತುಂಬಿ ಮ್ಯಾಲ ಕಾಂಕ್ರೀಟ್ ಹಾಕಿದ್ರ ಸಾಕು ಅಂತಾರ. ಖರೇನ? ಇನ್ನ ಬ್ಯಾಟರಿ 12 ವೋಲ್ಟಿನ ವಿಆರ್‌ಎಲ್‌ಎ (ಸೀಲ್ ಮಾಡಿದ ಸೀಸ-ಆಮ್ಲದ ಬ್ಯಾಟರಿ) ನಾಕು ಇಡೋದೋ, ಲಿಥಿಯಂ ಇಡೋದೋ? ಫ್ಯಾನ್ ಮ್ಯಾಲೆ ನಡೀತದೇನು? ಅರ್ಥಿಂಗ್ ಒಂದ ಗುಂಡಿ ಸಾಕೇನು?

ಗರಸು ಖಡಿ:
ಉಸುಕು ಬ್ಯಾಡ್ರಿ. ಸುತ್ತ ನೀರು ಬಿಡದಂಥ ಎರಿ, ನಡುವ ಉಸುಕು ಅಂದ್ರ ಮಳಿ ನೀರೆಲ್ಲ ಆ ಗುಂಡಿಗೇ ಬಂದು ನಿಲ್ತದ, ಬದಿಯ ಮಣ್ಣು ಅದನ್ನ ಕುಡದು ಉಬ್ಬತದ. ಬ್ಯಾಸಿಗ್ಯಾಗ ಅದೇ ಮಣ್ಣು ಒಣಗಿ ಬಿರಕ ಬಿಡತದ. ಒಂದೆರಡು ಮಳಿಗಾಲ ಕಳಿಯೂದ್ರಾಗ ಕಟ್ಟಿ ವಾಲಿ, ಬಾಗಲಾ ಚೌಕಟ್ಟಿಗೆ ಕೂಡಂಗಿಲ್ಲ, ರಬ್ಬರ್ ಗ್ಯಾಸ್ಕೆಟ್ ಒಂದು ಮೂಲ್ಯಾಗ ಬಾಯಿ ಬಿಟ್ಟು ಧೂಳು ಒಳಗ ಹೊಗತದ.

1.5×1.5 ಮೀಟರ್ ಗುಂಡಿ, 1 ಮೀಟರ್ ಆಳ ತಗೀರಿ. ಅದಕ್ಕೂ ಮೊದಲ ಗಟ್ಟಿ ಗರಸು (ಮುರುಮ್ ಮಣ್ಣು) ಹತ್ತಿದ್ರ ಅಲ್ಲೇ ನಿಲ್ರಿ. ತಳದಿಂದ 60 ಸೆಂ.ಮೀ. ಒಳ್ಳೆ ಗರಸು ತುಂಬ್ರಿ, ಒಮ್ಮೆಗೆ 15 ಸೆಂ.ಮೀ. ಥರದಾಗ, ಪ್ರತಿ ಥರಕ್ಕೂ ನೀರು ಹಾಕಿ ದಮ್ಮಸು ಹೊಡೀರಿ. ಕಟ್ಟಿ ಸುತ್ತ ಬದಿಗೂ ಅದೇ ಗರಸು. ಎಲ್ಲಾ ಕೂಡಿ ಒಂದು ಬ್ರಾಸ್ (100 ಘನ ಅಡಿ) ತರಿಸಿದ್ರ ಸಾಕು. ತಗದ ಎರಿ ಮಣ್ಣು ವಾಪಸ್ ತುಂಬಬ್ಯಾಡ್ರಿ. ಗರಸಿನ ಮ್ಯಾಲ 10 ಸೆಂ.ಮೀ. 1:4:8 ಕಾಂಕ್ರೀಟ್, ಆಮ್ಯಾಲೆ ಎಂ20 ಕಾಂಕ್ರೀಟಿನ ಕಟ್ಟಿ 1050×1050 ಮಿ.ಮೀ., 30 ಸೆಂ.ಮೀ. ನೆಲದೊಳಗ, 30 ಸೆಂ.ಮೀ. ಮ್ಯಾಲ. ಹಳ್ಳದ ನೀರು ಬರೋ ಜಾಗ ಇದ್ರ ಇನ್ನಷ್ಟು ಎತ್ತರಸ್ರಿ. 10 ಮಿ.ಮೀ. ಸಳಿ 150 ಮಿ.ಮೀ.ಗೆ ಒಂದರಂಗ, ಎರಡೂ ದಿಕ್ಕಿಗೆ, ಕೆಳಗೊಂದು ಮ್ಯಾಲೊಂದು ಜಾಳಗಿ: 18 ಕೆ.ಜಿ. ಬರ್ತದ. ಸಿಮೆಂಟ್ ಕಟ್ಟಿಗಷ್ಟೇ 5-6 ಚೀಲ.

ನಾಕು ಎಂ12 ಜೆ-ಬೋಲ್ಟ್ 300 ಮಿ.ಮೀ. ಉದ್ದದ್ದು ತಗೋರಿ. ಕ್ಯಾಬಿನೆಟ್ ತಳದ ತೂತಿನ ಅಳತಿಗೆ ಪ್ಲೈವುಡ್ ಟೆಂಪ್ಲೇಟ್ ಕೊರದು ಅದರೊಳಗ ಬೋಲ್ಟ್ ನಿಲ್ಲಿಸಿ ಕಾಂಕ್ರೀಟ್ ಹಾಕ್ರಿ. ಕಣ್ಣಳತಿ ನಂಬಿದ್ರ ಆಮ್ಯಾಲೆ ತೂತು ಹಿಗ್ಗಸೋದು ಬರ್ತದ, ಅಲ್ಲಿಂದ ತುಕ್ಕು ಸುರು. ಪೈಪೂ ಆಗಲೇ ಕೂಡ್ರಸ್ರಿ: ಫೈಬರಿಗೆ 110 ಮಿ.ಮೀ. ಎರಡು (ಒಂದು ಮುಂದಿಂದಕ್ಕ ಖಾಲಿ), ಕರೆಂಟಿಗೆ 63 ಮಿ.ಮೀ. ಬ್ಯಾರೆ, ಅರ್ಥಿಂಗಿಗೆ 40 ಮಿ.ಮೀ. ತಿರುವಿನ್ಯಾಗ ಉದ್ದ ಬಾಗಿನ ಬೆಂಡ್ ಹಾಕ್ರಿ, 90 ಡಿಗ್ರಿ ಎಲ್ಬೋದಾಗ ಫೈಬರ್ ಎಳಿಯಾಕ ಬರಂಗಿಲ್ಲ. ಕಟ್ಟಿ ಮ್ಯಾಲ ಪೈಪು 50 ಮಿ.ಮೀ. ಎದ್ದಿರಲಿ. ಕಮ್ಮಿ ಅಂದ್ರೂ 7 ದಿನ ನೀರು ಹೊಡೀರಿ, ಆಮ್ಯಾಲೆ ಕ್ಯಾಬಿನೆಟ್.

ಬಾಗಲಾ ಉತ್ತರಕ್ಕೋ ಮೂಡಲಕ್ಕೋ ಇರಲಿ. ಮಳಿಗಾಲದ ಗಾಳಿ, ಮಧ್ಯಾಹ್ನದ ಬಿಸಿಲು ಎರಡೂ ಪಡುವಣದಿಂದ ಹೊಡೀತಾವ. ಕಬ್ಬಿನ ಹಂಗಾಮಿನ್ಯಾಗ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್ ತಿರುಗೋ ಮೂಲಿ ಬಿಟ್ಟು ನಿಲ್ಲಸ್ರಿ. ಹಿಂದಿನ ಟ್ರೇಲರ್ ಒಳಗಡೆ ಕೊರದು ಬರ್ತದ.

ಡಿಸಿ ಪವರ್:
ಕಟ್ಟೆಯ ಬಗ್ಗೆ ಮೇಲಿನವರು ಹೇಳಿದ್ದೇ ಸರಿ. ನಾನು ಶಾಖ ಮತ್ತು ಬ್ಯಾಟರಿ ಬಗ್ಗೆ ಬರೆಯುತ್ತೇನೆ.

ಫ್ಯಾನ್ ಎಷ್ಟೇ ದೊಡ್ಡದಿರಲಿ, ಒಳಗಿನ ಶಾಖ ಹೊರಗಿನದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೇಕಾದ ಗಾಳಿಯ ಲೆಕ್ಕ: ವ್ಯಾಟ್ ಅನ್ನು 3.1ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪುತ್ತೀರೋ ಅದರಿಂದ ಭಾಗಿಸಿ. ನಿಮ್ಮ 250 ವ್ಯಾಟ್‌ಗೆ ಬಿಸಿಲಿನ ಪಾಲು 150 ಸೇರಿಸಿ 400 ಎಂದಿಟ್ಟುಕೊಂಡರೆ, 5 ಡಿಗ್ರಿ ಏರಿಕೆಗೆ ಗಂಟೆಗೆ 248 ಘನ ಮೀಟರ್. 120 ಮಿ.ಮೀ. ಫ್ಯಾನ್ ಬಯಲಲ್ಲಿ ಸುಮಾರು 170 ಕೊಟ್ಟರೂ ಫಿಲ್ಟರ್ ಹಾಕಿದಾಗ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಆದ್ದರಿಂದ ನಾಲ್ಕು ಫ್ಯಾನ್, 35 ಡಿಗ್ರಿಗೆ ಥರ್ಮೋಸ್ಟಾಟ್. ಗಾಳಿ ಬಾಗಿಲಿನ ಕೆಳಭಾಗದಿಂದ ಒಳಗೆ, ಮೇಲಿನಿಂದ ಹೊರಗೆ. ಹೊರಗೆ 42 ಇದ್ದರೆ ಒಳಗೆ 47-48. ಓಎಲ್‌ಟಿ 55 ಡಿಗ್ರಿವರೆಗಿನದಾಗಿದ್ದರೆ ತಡೆಯುತ್ತದೆ, ಆದರೆ ಫಿಲ್ಟರ್ ಮುಚ್ಚಿದ ದಿನ ಆ ಅಂತರ ಹೋಯಿತು. ಸುಗ್ಗಿಯಲ್ಲಿ ರಾಶಿ ಮಾಡುವಾಗ ಹೊಟ್ಟು ಹಾರುತ್ತದೆ, ಆಗ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಲೇಬೇಕು.

ಡಿಸಿ ಕರೆಂಟಿನ ಸಣ್ಣ ಏರ್ ಕಂಡಿಷನರ್ ಹೆಚ್ಚುಕಡಿಮೆ ನಿಮ್ಮ ಉಪಕರಣಗಳಷ್ಟೇ ಕರೆಂಟ್ ತಿನ್ನುತ್ತದೆ. ಈ ಲೋಡಿಗೆ ಬೇಡ. ಅದರ ಬದಲು ಜೋಡಿ ಗೋಡೆಯ ಕ್ಯಾಬಿನೆಟ್ ತೆಗೆದುಕೊಳ್ಳಿ, ತಲೆ ಮೇಲೆ 50 ಮಿ.ಮೀ. ಗಾಳಿ ಬಿಟ್ಟು ಇನ್ನೊಂದು ತಗಡಿನ ನೆರಳು ಹಾಕಿ, ಬಣ್ಣ ಬಿಳಿ ಅಥವಾ ತಿಳಿ ಬೂದು ಇರಲಿ.

ಈ ಶಾಖದಲ್ಲಿ ವಿಆರ್‌ಎಲ್‌ಎ ಇಡಬೇಡಿ. 25 ಡಿಗ್ರಿ ಮೇಲೆ ಪ್ರತಿ 8-10 ಡಿಗ್ರಿಗೆ ಅದರ ಆಯುಷ್ಯ ಅರ್ಧವಾಗುತ್ತದೆ. ಇಟ್ಟೇ ಇಡುತ್ತೀರಾದರೆ ಫ್ಲೋಟ್ (ತುಂಬಿದ ಬ್ಯಾಟರಿಯನ್ನು ಹಾಗೇ ಹಿಡಿದಿಡುವ ವೋಲ್ಟೇಜ್) 54.0 ವೋಲ್ಟ್, ಪ್ರತಿ ಡಿಗ್ರಿ ಏರಿಕೆಗೆ 72 ಮಿಲಿವೋಲ್ಟ್ ಇಳಿಸುವ ಕಾಂಪೆನ್ಸೇಷನ್ ಆನ್ ಮಾಡಿ, ಸೆನ್ಸರನ್ನು ಬ್ಯಾಟರಿಗೇ ಅಂಟಿಸಿ. ಇಲ್ಲದಿದ್ದರೆ ಓವರ್‌ಚಾರ್ಜ್ ಆಗಿ ಉಬ್ಬುತ್ತವೆ. ಲಿಥಿಯಂ ಫಾಸ್ಫೇಟ್ 48 ವೋಲ್ಟ್ 100 ಎಎಚ್ ಒಂದೇ ಸಾಕು: 5.2 ಆಂಪಿಯರ್ ಲೋಡಿಗೆ ಶೇ. 80 ಬಳಸಿದರೂ 15 ಗಂಟೆ ಬರುತ್ತದೆ. ಆದರೆ ರೆಕ್ಟಿಫೈಯರ್‌ನಲ್ಲಿ ಹಳೆಯ ವಿಆರ್‌ಎಲ್‌ಎ ಸೆಟ್ಟಿಂಗ್ ಹಾಗೇ ಬಿಡಬೇಡಿ. ಲಿಥಿಯಂಗೆ ಆ ಕಾಂಪೆನ್ಸೇಷನ್ ಸೊನ್ನೆ ಇರಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಚಾರ್ಜಿಂಗ್ ಮಿತಿ 20 ಆಂಪಿಯರ್ ಇಡಿ.

ಅರ್ಥ್ ಪಿಟ್:
ಒಂದ ಗುಂಡಿ ಸಾಲಂಗಿಲ್ರಿ. ತಾಮ್ರ ಲೇಪನದ 3 ಮೀಟರ್ ರಾಡ್ ಎರಡು, ನಡುವ ಕಮ್ಮಿ ಅಂದ್ರ 6 ಮೀಟರ್. ಎರಡನ್ನೂ 25×3 ಜಿಐ ಪಟ್ಟಿಯಿಂದ ಕೂಡಸ್ರಿ. ಮಿಂಚಿನ ಅರ್ಥ್ ಬ್ಯಾರೆ, ಡಿಸಿ ಅರ್ಥ್ ಬ್ಯಾರೆ ಅಂತ ಬಿಡಿ ಬಿಟ್ರ ಸಿಡ್ಲು ಹೊಡದಾಗ ಎರಡರ ನಡುವಿನ ವೋಲ್ಟೇಜು ಓಎಲ್‌ಟಿ ಹಾದು ಹೋಗತದ. ಬಾಡಿ, ಸರ್ಜ್ ಅರೆಸ್ಟರ್ (ಸಿಡ್ಲಿನ ಹೆಚ್ಚಿನ ವೋಲ್ಟೇಜನ್ನ ಅರ್ಥಿಗೆ ಹಾಯಿಸೋದು), ಡಿಸಿ ಪಾಸಿಟಿವ್, ಆರ್ಮರ್ ಇದ್ದ ಕೇಬಲ್ಲಿನ ಆರ್ಮರ್, ಎಲ್ಲಾ ಒಂದೇ ಬಸ್‌ಬಾರಿಗೆ (ಅರ್ಥ್ ವಾಯರ್ ಎಲ್ಲಾ ಕೂಡೋ ಪಟ್ಟಿ). ಇದು ಮೈನಸ್ 48 ಸಿಸ್ಟಮ್, ಪಾಸಿಟಿವ್ ಅರ್ಥ್ ಆಗಿರ್ತದ. ಎಂಸಿಬಿ ನೆಗೆಟಿವ್ ಸಾಲಿನ್ಯಾಗ ಬರಬೇಕು.

ಎರ್‍ಯಾಗ ಮಳಿಗಾಲದಾಗ ಅಳದ್ರ ರೀಡಿಂಗ್ ಭಾಳ ಚಲೋ ಬರ್ತದ. ಅದನ್ನ ನಂಬಬ್ಯಾಡ್ರಿ. ಬ್ಯಾಸಿಗ್ಯಾಗ ಮಣ್ಣು ಕುಗ್ಗಿ ರಾಡಿನಿಂದ ಬಿಡತದ. ಏಪ್ರಿಲ್-ಮೇದಾಗ, ಅಡ್ಡಮಳಿ ಬರೂ ಮೊದಲ ಅಳದು 5 ಓಮ್ ಒಳಗದನೋ ನೋಡ್ರಿ. ಆ ಅಡ್ಡಮಳಿ ಸಿಡ್ಲಿಗೇ ಕಾರ್ಡ್ ಹೆಚ್ಚು ಸುಡೋದು.

ಸರ್ಜ್ ಅರೆಸ್ಟರ್ ಟೈಪ್ 1+2, ಪೋಲಿಗೆ 12.5 ಕೆಎ. ಅದರ ವಾಯರ್ ಎರಡೂ ಕಡೆ ಕೂಡಿ ಅರ್ಧ ಮೀಟರ್ ದಾಟಬಾರದು. ಉದ್ದ ಬಿಟ್ಟು ಸುರುಳಿ ಸುತ್ತಿದ್ರ ಅದು ಇದ್ದೂ ಇಲ್ಲದಂಗ. ಹೆಸ್ಕಾಂ ಕನೆಕ್ಷನ್ ಕೇಳುವಾಗ ಪಂಪ್‌ಸೆಟ್ ಫೀಡರ್ ಬ್ಯಾಡ, ನಿರಂತರ ಜ್ಯೋತಿ (ಹಳ್ಳಿ ಮನಿಗಳಿಗೆ ಬ್ಯಾರೆ ಎಳದ) ಲೈನಿಂದ ಕೇಳ್ರಿ. ಹಳ್ಳ್ಯಾಗ ನ್ಯೂಟ್ರಲ್ ಹರಿದ್ರ 230 ಇದ್ದಲ್ಲಿ 400ರ ತನಕ ಏರತದ, ಹಂಗಾಗಿ ಓವರ್‌ವೋಲ್ಟೇಜ್ ಕಟ್‌ಆಫ್ ರಿಲೇ ಹಾಕ್ರಿ.

ತಾಳಿಕೋಟಿ ಫೈಬರ್:
ಭಾಳ ಉಪಕಾರ ಆತ್ರಿ. ಗರಸು, ಲಿಥಿಯಂ ಪಕ್ಕಾ. ಪೈಪಿನ ಬಾಯಿ ಫೋಮ್ ಹೊಡದು ಮುಚ್ಚಿದ್ರ ನಡೀತದೇನು?

ಗರಸು ಖಡಿ:
ಬರೇ ಫೋಮ್ ಇಲಿ ಕಡದು ಹಾಕ್ತಾವ. ಕೇಬಲ್ ಇದ್ದ ಪೈಪಿಗೆ ಡಕ್ಟ್ ಪ್ಲಗ್, ಖಾಲಿ ಪೈಪಿಗೆ ಬ್ಲ್ಯಾಂಕ್ ಪ್ಲಗ್, ಅದರ ಮ್ಯಾಲ ಸ್ಟೇನ್‌ಲೆಸ್ ಜಾಳಗಿ. ಹೊರಗಿನ ಚೇಂಬರ್ ತುದಿನೂ ಮುಚ್ರಿ, ಇಲ್ಲಂದ್ರ ಆ ಕಡೆಯಿಂದ ನೀರು ಇಳದು ಬರ್ತದ. ಕ್ಯಾಬಿನೆಟ್ ತಳದಾಗ ನೀರು ಬಸಿಯೋ ಸಣ್ಣ ತೂತು ಇರ್ತದ, ಅದನ್ನಷ್ಟೇ ಮುಚ್ಚಬ್ಯಾಡ್ರಿ, ಬಾರೀಕ ಜಾಳಗಿ ಅಂಟಸ್ರಿ ಸಾಕು. ಹಲ್ಲಿ ಒಳಗ ಹೊಕ್ಕು ಎಂಸಿಬಿ ಟರ್ಮಿನಲ್‌ಗೆ ಸಿಕ್ಕು ಶಾರ್ಟ್ ಆಗೋದು ಇಂಥ ಬಿಟ್ಟ ತೂತಿನಿಂದನ.