ಅಪ್‌ಡೇಟ್: ಗೋಡೆಯ ಬೂಸ್ಟು, ಮಗಳ ಕೆಮ್ಮು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಗೋಡೆಗೆ ಬೂಸ್ಟು, ಮಗಳಿಗೆ ರಾತ್ರಿಯೆಲ್ಲ ಕೆಮ್ಮು. ಎರಡಕ್ಕೂ ಸಂಬಂಧ ಇದೆಯಾ ಅಂತ ಹೋದ ಮಳೆಗಾಲದಲ್ಲಿ ಕೇಳಿದ್ದೆ. ಇದೆಯಂತೆ. ಡಾಕ್ಟರ್ ಅಸ್ತಮಾ ಅಂದರು. ಬೂಸ್ಟೊಂದೇ ಕಾರಣ ಅಂತಲ್ಲ, ಆದರೆ ಅದರ ಕಣ ಉಸಿರಿನ ಜೊತೆ ಒಳಗೆ ಹೋದರೆ ಅಸ್ತಮಾ ಕೆರಳುತ್ತದೆ.

ಕಪಾಟು ಸರಿಸಿದರೆ ಹಿಂದಿನ ಗೋಡೆ ತುಂಬಾ ಕಪ್ಪು ಚುಕ್ಕೆ. ಅವಳ ಸ್ಕೂಲ್ ಬೆಲ್ಟಿನ ಮೇಲೂ ಬಿಳಿ ಪುಡಿ! ಹಿಂದೆ ಗೋಡೆಯ ಬೂಸ್ಟಿನ ಮೇಲೇ ಪೇಂಟ್ ಹೊಡೆಸಿದ್ದೆವು, ಸುಮ್ನೆ ದುಡ್ಡು ದಂಡ. ಈ ಸಲ ಮೊದಲು ಒಡೆದ ಹೆಂಚು ಬದಲಿಸಿದೆವು. ಆಮೇಲೆ ಮಾಸ್ಕ್ ಹಾಕಿಕೊಂಡು ಸೋಪು ನೀರಲ್ಲಿ ಉಜ್ಜಿದೆವು. ಒಣಗಿದ್ದನ್ನು ಕೆರೆದರೆ ಕಣ ಜಾಸ್ತಿ ಹಾರುತ್ತದೆ, ಅಲ್ವಾ.

ಇನ್‌ಹೇಲರ್ ನಿಲ್ಲಿಸಿಲ್ಲ. ರಾತ್ರಿ ಎದ್ದು ಕೂರುವುದು ಕಮ್ಮಿಯಾಗಿದೆ. ಆದರೆ ಅಡುಗೆಮನೆ ಮೂಲೆಯಲ್ಲಿ ಮತ್ತೆ ಚುಕ್ಕೆ ಕಂಡಿದೆ. ಪುನರ್ವಸು, ಪುಷ್ಯ ಮಳೆ ಇನ್ನೂ ಬಾಕಿ.