ಕರೋಕೆಗೆ ಸುಲಭವಾದ ಜಪಾನಿ ಐಡಲ್ ಹಾಡುಗಳು ಯಾವುವು?

ಪ್ರಶ್ನೆ:
ಟೋಕಿಯೋದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಸಹೋದ್ಯೋಗಿಗಳು ಆಗಾಗ ಕರೋಕೆಗೆ ಕರೆಯುತ್ತಾರೆ. ಜಪಾನಿಯ ಉಚ್ಚಾರಣಾಕ್ಷರಗಳಾದ ಹಿರಾಗಾನಾ ಓದಬಲ್ಲೆ, ಚೀನಾ ಮೂಲದ ಲಿಪಿಚಿಹ್ನೆಗಳಾದ ಕಾಂಜಿ ಬಾರದು. ನನ್ನದು ಗಂಡುದನಿ, ತಾರಸ್ಥಾಯಿಗೆ ಏರುವುದಿಲ್ಲ. ಎಲ್ಲರಿಗೂ ಪರಿಚಿತವಾದ ಐಡಲ್ (ಹಾಡಿ ಕುಣಿಯುವ ಜನಪ್ರಿಯ ಪಾಪ್ ತಾರೆಯರ) ಹಾಡುಗಳನ್ನು ದಯವಿಟ್ಟು ಸೂಚಿಸಿ.

ಉತ್ತರ 1:
ಸ್ಮ್ಯಾಪ್ ತಂಡದ ‘ಸೆಕಾಯ್ ನಿ ಹಿತೊತ್ಸು ದಾಕೆ ನೊ ಹಾನಾ’ದಿಂದ ಆರಂಭಿಸಿ. 2003ರಲ್ಲಿ ಸಿಂಗಲ್ ಆಗಿ ಬಂದ ಈ ಹಾಡಿನ ನಡೆ ನಿಧಾನ, ಗಂಡುದನಿಗೆ ಹೊಂದುವ ಶ್ರುತಿ, ಮೇಲಾಗಿ ಪಲ್ಲವಿ ಬಂದೊಡನೆ ಕೋಣೆಯಲ್ಲಿರುವವರೆಲ್ಲ ದನಿಗೂಡಿಸುವುದರಿಂದ ನಿಮ್ಮ ತಪ್ಪುಗಳು ಯಾರ ಕಿವಿಗೂ ಬೀಳುವುದಿಲ್ಲ. ಕಾಂಜಿಯ ಚಿಂತೆ ಬೇಡ. ಪರದೆಯಲ್ಲಿ ಅದರ ಮೇಲೆ ಓದುವ ಬಗೆಯನ್ನು ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕೊಟ್ಟಿರುತ್ತಾರೆ.

ಉತ್ತರ 2:
ಎಕೆಬಿ48 ತಂಡದ ‘ಕೊಯ್ಸುರು ಫಾರ್ಚೂನ್ ಕುಕೀ’ (2013) ಕೂಡ ಒಳ್ಳೆಯ ಆಯ್ಕೆ. ಅನೇಕರು ಒಟ್ಟಾಗಿ ಒಂದೇ ಸ್ವರದಲ್ಲಿ ಹಾಡಲೆಂದು ಕಟ್ಟಿದ ರಾಗವಾದ್ದರಿಂದ ಏರಿಳಿತದ ಕಸರತ್ತು ಕಡಿಮೆ. ಹೆಣ್ಣುದನಿಯ ಹಾಡುಗಳನ್ನು ಒಂದು ಸ್ಥಾಯಿ ಕೆಳಗೆ ಹಾಡಿ ನೋಡಿ. ಅದು ತೀರಾ ತಗ್ಗಾದರೆ ಯಂತ್ರದ ಕೀ ಗುಂಡಿಯಿಂದ ಶ್ರುತಿಯನ್ನು ಅರ್ಧ ಅರ್ಧ ಸ್ವರವಾಗಿ ಏರಿಸಿಕೊಳ್ಳಬಹುದು. ಗೈಡ್ ವೋಕಲ್ (ದಾರಿ ತೋರಲು ಜೊತೆಗೆ ಕೇಳಿಸುವ ಗಾಯನ) ಇದ್ದರೆ ಸಂಕೋಚವಿಲ್ಲದೆ ಹಾಕಿಕೊಳ್ಳಿ.

ಉತ್ತರ 3:
ಮೊಮೊಯಿರೊ ಕ್ಲೋವರ್ ಝೆಡ್ ತಂಡದ ಹಾಡುಗಳನ್ನು ಸದ್ಯಕ್ಕೆ ಬಿಡಿ; ಓಟ, ನಡುನಡುವಿನ ಕೂಗು, ತಟ್ಟನೆ ಬದಲಾಗುವ ಲಯ ಹೊಸಬರನ್ನು ಸುಸ್ತಾಗಿಸುತ್ತವೆ. ಹ್ರಸ್ವ-ದೀರ್ಘಗಳ, ಒತ್ತಕ್ಷರಗಳ ಅಭ್ಯಾಸವಿರುವ ನಮ್ಮ ನಾಲಿಗೆಗೆ ಉಚ್ಚಾರಣೆ ಅಷ್ಟೇನೂ ಕಷ್ಟವಾಗದು. ಆದರೆ ಪದದ ಕೊನೆಯ ‘ನ್’ ಹಲವೆಡೆ ರಾಗದಲ್ಲಿ ತನ್ನದೇ ಒಂದು ಸ್ವರವನ್ನು ಪಡೆಯುತ್ತದೆ. ಅದನ್ನು ನುಂಗಿದರೆ ತಾಳ ತಪ್ಪುತ್ತದೆ.